ನಿಸರ್ಗಧಾಮಕ್ಕೆ 1989ರ ಮೊದಲು ಚರಿತ್ರೆಯೇ ಇಲ್ವಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ವಾರದಿಂದ ಕಾವೇರಿ ನಿಸರ್ಗಧಾಮದ್ದೇ ಮಾತು. ಕೊಡಗಿನ ಕುಶಾಲನಗರದ ಹತ್ತಿರ, ಕಾವೇರಿ ಹೊಳೆಯ ನಡುವಿನ ದ್ವೀಪದಲ್ಲಿರುವ ಪಾರ್ಕು ಅದು. ಏಳನೇ ಕ್ಲಾಸಿನ ಮಗಳಿಗೆ ‘ನಮ್ಮ ಜಿಲ್ಲೆಯ ಒಂದು ಪಿಕ್ನಿಕ್ ಜಾಗದ ಇತಿಹಾಸ’ ಬರೆದು ತರಲು ಹೇಳಿದ್ದಾರೆ. ಎಲ್ಲಿ ಹುಡುಕಿದರೂ ‘1989ರಲ್ಲಿ ಶುರುವಾಯಿತು, 64 ಎಕರೆ ಇದೆ’ ಅಂತ ಎರಡೇ ಸಾಲು ಸಿಗುತ್ತದೆ. ಅದಕ್ಕೂ ಮೊದಲು ಅಲ್ಲಿ ಏನಿತ್ತು? ಆ ದ್ವೀಪವನ್ನು ಸರ್ಕಾರವೇ ಹೊಳೆಗೆ ಮಣ್ಣು ಹಾಕಿಸಿ ಮಾಡಿದ್ದು ಅಂತ ನಮ್ಮ ಮಾವ ಹೇಳುತ್ತಾರೆ. ನನಗೆ ನಂಬಿಕೆ ಬರುತ್ತಿಲ್ಲ. ಇನ್ನೊಂದು ವಿಷಯ. ಕುಶಾಲನಗರದಲ್ಲಿ ಬಿಸಿಲು ಹೊಡೆಯುತ್ತಿದ್ದರೂ ‘ಹೊಳೆ ತುಂಬಿದೆ, ಇವತ್ತು ಪ್ರವೇಶ ಇಲ್ಲ’ ಅಂತ ಬೋರ್ಡ್ ಇರುತ್ತದೆ. ಅದು ಹೇಗೆ?
(ಸೋಮವಾರಪೇಟೆಯ ಓದುಗರೊಬ್ಬರು)

ಉತ್ತರ: ಮೊದಲು ಮನೆಯ ವಾದ ಮುಗಿಸೋಣ. ಆ ದ್ವೀಪವನ್ನು ಯಾರೂ ಮಾಡಿಸಿದ್ದಲ್ಲ, ಹೊಳೆಯೇ ಮಾಡಿಕೊಂಡದ್ದು. 1989ರಲ್ಲಿ ಅರಣ್ಯ ಇಲಾಖೆ ಮಾಡಿದ್ದು ಅದನ್ನು ಜನರಿಗೆ ತೆರೆಯುವ ಕೆಲಸ. ದಾಟಲು ಸೇತುವೆ, ಟಿಕೆಟಿಗೆ ಗೇಟು, ನಡೆಯಲು ದಾರಿ, ಉಳಿಯಲು ಬಿದಿರಿನ ಮನೆ.

ಆದರೆ ಮಾವನವರನ್ನು ಪೂರ್ತಿ ಸೋಲಿಸಬೇಡಿ. ಅವರ ಮಾತಿಗೂ ಒಂದು ಬುಡ ಇರಬಹುದು. ಇದೇ ಕಾವೇರಿಯಲ್ಲಿ ಕೆಳಗೆ, ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು ಇದೆಯಲ್ಲ? ಅಲ್ಲಿನ ಪುಟ್ಟ ಪುಟ್ಟ ದ್ವೀಪಗಳು ಹುಟ್ಟಿದ್ದು 17ನೇ ಶತಮಾನದಲ್ಲಿ, ಮೈಸೂರು ಅರಸರು ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದ ಮೇಲೆ. ನೀರು ಹರಡಿ ನಿಂತಿತು, ಎತ್ತರದ ಜಾಗಗಳು ತಿಟ್ಟುಗಳಾಗಿ ಉಳಿದವು, ಹಕ್ಕಿಗಳು ಬಂದು ಕೂತವು. ಪಕ್ಷಿತಜ್ಞ ಸಲೀಂ ಅಲಿ ಅದನ್ನು ನೋಡಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯಿತು. ಅಲ್ಲಿ ಮನುಷ್ಯ ಕಟ್ಟೆ ಕಟ್ಟಿದ್ದರಿಂದ ದ್ವೀಪ ಹುಟ್ಟಿತು, ನಮ್ಮಲ್ಲಿ ದ್ವೀಪ ಮೊದಲೇ ಇತ್ತು, ಮನುಷ್ಯ ತಡವಾಗಿ ಹೋದ. ಎರಡು ಜಾಗದ ಕಥೆ ಬೆರೆತುಹೋಗುವುದು ಸಹಜ.

ಈಗ ನಮ್ಮ ದ್ವೀಪ ಹುಟ್ಟಿದ್ದು ಹೇಗೆ ಅಂತ ನೋಡೋಣ. ನಿಮ್ಮ ಮಗಳ ಬರಹದಲ್ಲಿ ಈ ಭಾಗ ಜಾಸ್ತಿ ಇರಲಿ. ಯಾಕೆಂದರೆ ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ತಲಕಾವೇರಿ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಭಾಗಮಂಡಲಕ್ಕೆ ಎಂಟು ಕಿಲೋಮೀಟರ್. ಅಷ್ಟು ದೂರದಲ್ಲೇ ಹೊಳೆ ಮುನ್ನೂರು ಮೀಟರಿಗಿಂತ ಜಾಸ್ತಿ ಇಳಿದುಬಿಡುತ್ತದೆ. ಭಾಗಮಂಡಲ ದಾಟಿದ ಮೇಲೆ ಅದರ ನಡಿಗೆಯೇ ಬೇರೆ. ಕುಶಾಲನಗರ ಇರುವುದು 830 ಮೀಟರ್ ಆಸುಪಾಸಿನಲ್ಲಿ. ನಾಪೋಕ್ಲು ಕಡೆಯ ಗದ್ದೆಬಯಲು, ಬೇತ್ರಿ, ಕೊಂಡಂಗೇರಿ, ಕರಡಿಗೋಡು, ದುಬಾರೆ ಅಂತ ಇಷ್ಟೆಲ್ಲ ಬಳಸಿಕೊಂಡು ಬರುವಾಗ ಹೊಳೆ ಇಳಿಯುವುದು ನೂರು ಮೀಟರ್ ಕೂಡ ಇಲ್ಲ. ಮೊದಲ ಎಂಟು ಕಿಲೋಮೀಟರ್ ಜಾರುಬಂಡೆ, ಆಮೇಲೆ ಅಂಗಳ.

ಬೆಟ್ಟದಲ್ಲಿ ಜೋರಾಗಿ ಇಳಿಯುವ ನೀರು ಕಲ್ಲು, ಜಲ್ಲಿ, ಮರಳು, ಮಣ್ಣು ಎಲ್ಲವನ್ನೂ ಎಳೆದು ತರುತ್ತದೆ. ಸಮತಟ್ಟಿಗೆ ಬಂದಾಗ ಅದರ ಕೈ ಸೋಲುತ್ತದೆ. ಭಾರದ್ದನ್ನು ಮೊದಲು ಇಳಿಸುತ್ತದೆ, ಹಗುರದ್ದನ್ನು ಆಮೇಲೆ. ಹೊಳೆಯ ನಡುವೆ ಬಂಡೆ ಇದ್ದರೆ ಅದರ ಹಿಂದೆ ನೀರು ನಿಧಾನವಾಗುತ್ತದೆ, ಅಲ್ಲಿ ಮರಳು ಕೂರುತ್ತದೆ. ಮರಳಿನ ಮೇಲೆ ಹುಲ್ಲು, ನೀರಂಜಿ ಬರುತ್ತವೆ. ಹುಲ್ಲಿನ ಬುಡದಲ್ಲಿ ಮುಂದಿನ ಮಳೆಗಾಲದ ಗೋಡುಮಣ್ಣು ನಿಲ್ಲುತ್ತದೆ. ಆಮೇಲೆ ಹೊಳೆಮತ್ತಿ, ಬಿದಿರು. ಬಿದಿರು ಬಂತು ಅಂದರೆ ದ್ವೀಪ ಕಾಲೂರಿತು ಅಂತಲೇ ಲೆಕ್ಕ. ಬಿದಿರಿನ ಗೆಡ್ಡೆಗಳು ನೆಲದೊಳಗೆ ಒಂದಕ್ಕೊಂದು ಹೆಣೆದುಕೊಂಡು ಮಣ್ಣನ್ನು ಬಲೆಯ ಹಾಗೆ ಹಿಡಿಯುತ್ತವೆ. ಆಮೇಲೆ ಹೊಳೆಯೇ ಎರಡು ಕವಲಾಗಿ ಸುತ್ತಿಕೊಂಡು ಹೋಗಬೇಕಾಗುತ್ತದೆ. ಇದೆಲ್ಲ ನೂರಾರು ವರ್ಷಗಳ ಕೆಲಸ.

ನಾನು ಬಹಳ ವರ್ಷ ಭೂಗೋಳ ಪಾಠ ಮಾಡಿದವನು. ಜನವರಿ ಬಂದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವರಿಗೆ ಜಿಂಕೆ, ಮೊಲ ನೋಡುವ ಆಸೆ, ನನಗೆ ಕಲ್ಲು ತೋರಿಸುವ ಆಸೆ. ಯಾವ ವರ್ಷವೂ ಕಲ್ಲು ಗೆಲ್ಲಲಿಲ್ಲ ಬಿಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 1989ರ ಮೊದಲು ಅಲ್ಲಿ ಏನಿತ್ತು?

ಬಿದಿರಿನ ಮೆಳೆ ಇತ್ತು. ತೇಗ, ಗಂಧದ ಮರ ಇತ್ತು. ಜನ ಹೋಗುತ್ತಿದ್ದರಾ ಅಂದರೆ, ಹೊಳೆ ಬಿಟ್ಟಾಗ ಹೋಗುವ ಜಾಗ ಅದು. ಮಾರ್ಚ್, ಏಪ್ರಿಲ್ ಬಂದರೆ ಕುಶಾಲನಗರದ ಹತ್ತಿರ ಕಾವೇರಿಯಲ್ಲಿ ಬಂಡೆಗಳೇ ಜಾಸ್ತಿ, ನೀರು ಕಡಿಮೆ. ಕಲ್ಲಿಂದ ಕಲ್ಲಿಗೆ ಕಾಲಿಟ್ಟು, ಮೊಣಕಾಲುದ್ದ ನೀರಿನಲ್ಲಿ ದಾಟಬಹುದು. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಆ ದಾರಿ ಮುಚ್ಚಿತು. ಆಮೇಲೆ ನಾಲ್ಕೈದು ತಿಂಗಳು ದ್ವೀಪ ದ್ವೀಪವೇ. ವರ್ಷದ ಅರ್ಧ ಭಾಗ ಮನುಷ್ಯರನ್ನು ಹತ್ತಿರ ಬಿಡದೆ ಇದ್ದುದರಿಂದಲೇ ಅಷ್ಟು ಬಿದಿರು ಉಳಿಯಿತು ಅಂತ ನನ್ನ ಅನಿಸಿಕೆ. ಪಕ್ಕದಲ್ಲೇ ಮೈಸೂರು–ಮಡಿಕೇರಿ ರಸ್ತೆ ಹೋಗುತ್ತದೆ. ಸುಲಭವಾಗಿ ದಾಟುವ ಹಾಗಿದ್ದಿದ್ದರೆ ಅಲ್ಲಿ ಯಾವತ್ತೋ ಗದ್ದೆ ಆಗಿರುತ್ತಿತ್ತು, ಇಲ್ಲ ತೋಟ ಆಗಿರುತ್ತಿತ್ತು.

ಕೊಡಗಿನ ಹಳೆಯ ಓಡಾಟದ ಚರಿತ್ರೆಯೆಲ್ಲ ಹೀಗೆ ಹೊಳೆ ದಾಟುವ ಚರಿತ್ರೆಯೇ. ತೋಡಿಗೆ ಎರಡು ಅಡಿಕೆ ಮರ ಇಲ್ಲವೇ ಬಿದಿರು ಹಾಸಿದ ಮರಪಾಲ, ದೊಡ್ಡ ಹೊಳೆಗೆ ದೋಣಿಕಡವು. ದೋಣಿ ಇಲ್ಲದ ಕಡೆ ಬೇಸಿಗೆವರೆಗೆ ಕಾಯುವುದು. ಮದುವೆ, ಸಂತೆ, ಶಾಲೆ ಎಲ್ಲವೂ ಹೊಳೆಯ ಮರ್ಜಿ. ಈಗಲೂ ಮಳೆಗಾಲದಲ್ಲಿ ಮರಪಾಲದ ಮೇಲೆ ಜೀವ ಕೈಯಲ್ಲಿ ಹಿಡಿದು ದಾಟುವ ಊರುಗಳು ನಮ್ಮ ಜಿಲ್ಲೆಯಲ್ಲಿವೆ. ಬ್ರಿಟಿಷರು ಮೈಸೂರು ರಸ್ತೆಗೆ ಕುಶಾಲನಗರದ ಹತ್ತಿರ ಕಲ್ಲಿನ ಸೇತುವೆ ಕಟ್ಟಿಸಿದ್ದು ಅವರಿಗೆ ದಂಡು ಮತ್ತು ಟಪಾಲು ವರ್ಷವಿಡೀ ಓಡಾಡಬೇಕಿತ್ತು ಅಂತ. ಊರಿಗೆ ‘ಫ್ರೇಸರ್‌ಪೇಟೆ’ ಅಂತ ಹೆಸರು ಬಂದದ್ದೂ ಆಗಲೇ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಾಗ ಇಲ್ಲಿದ್ದ ಕರ್ನಲ್ ಫ್ರೇಸರ್‌ನ ಹೆಸರು ಅದು.

ಹೆಸರಿನ ಮಾತು ಬಂತು, ಒಂದು ಎಚ್ಚರ ಹೇಳಿಬಿಡುತ್ತೇನೆ. ‘ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಖುಷಿಯಾಗಿ ಕುಶಾಲನಗರ ಅಂತ ಹೆಸರಿಟ್ಟ’ ಎಂಬ ಕಥೆ ಎಲ್ಲ ಪ್ರವಾಸಿ ಪುಸ್ತಕದಲ್ಲೂ ಇರುತ್ತದೆ. ಮಗಳು ಅದನ್ನು ಬರೆಯದಿದ್ದರೆ ಒಳ್ಳೆಯದು. ಟಿಪ್ಪು ಹುಟ್ಟಿದ್ದು 1750ರ ಆಸುಪಾಸು, ದೇವನಹಳ್ಳಿಯಲ್ಲಿ. ಹೈದರ್ ಕೊಡಗಿನ ಕಡೆ ಕಣ್ಣು ಹಾಕಿದ್ದು 1760ರ ದಶಕದಲ್ಲಿ, ಬಿದನೂರು ಗೆದ್ದ ಮೇಲೆ. ಅಷ್ಟರಲ್ಲಿ ಟಿಪ್ಪು ಕುದುರೆ ಹತ್ತುವ ಹುಡುಗ. ಕಥೆ ಚೆಂದ ಇದೆ, ಲೆಕ್ಕ ಕೂಡುವುದಿಲ್ಲ.

ಹಾಗಾದರೆ ಹೊಳೆ ಬದಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಕೂರುವ ಅಭ್ಯಾಸ ಎಲ್ಲಿಂದ ಬಂತು? ಇದಕ್ಕೆ ಎರಡು ಬೇರು ಇದೆ. ನಮ್ಮದೇ ಬೇರು ಒಂದು. ತುಲಾ ಸಂಕ್ರಮಣಕ್ಕೆ ತಲಕಾವೇರಿ, ಭಾಗಮಂಡಲಕ್ಕೆ ಹೋಗುವುದು, ಕಾರ್ತಿಕದ ವನಭೋಜನ, ಬೇಸಿಗೆಯಲ್ಲಿ ಹೊಳೆಮೀನು ಹಿಡಿಯುವ ನೆಪದಲ್ಲಿ ಇಡೀ ದಿನ ಹೊಳೆ ಬದಿಯಲ್ಲೇ ಕಳೆಯುವುದು. ಇದರಲ್ಲಿ ದೇವರು, ನೆಂಟರು, ಊಟ, ನೀರಾಟ ಎಲ್ಲ ಒಟ್ಟಿಗೇ ಇರುತ್ತದೆ. ಸುಮ್ನೆ ನೋಡಲಿಕ್ಕೆ ಅಂತ ಯಾರೂ ಹೋಗುತ್ತಿರಲಿಲ್ಲ, ಒಂದು ಕಾರಣ ಬೇಕಿತ್ತು. ಎರಡನೆಯ ಬೇರು ಬಿಳಿಯರದು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಶುರು ಮಾಡಿದ. ಅವನ ಹಿಂದೆ ಬಂದ ಪ್ಲಾಂಟರುಗಳಿಗೆ ಭಾನುವಾರ ಕಳೆಯಲು ಜಾಗ ಬೇಕಿತ್ತು. ಜಲಪಾತ ನೋಡುವುದು, ಗಾಳ ಹಾಕಿ ಮಹಶೀರ್ ಮೀನು ಹಿಡಿಯುವುದು, ಬುಟ್ಟಿಯಲ್ಲಿ ತಿಂಡಿ ತುಂಬಿಕೊಂಡು ಹೋಗುವುದು. ಮಡಿಕೇರಿ ಹತ್ತಿರದ ಅಬ್ಬಿಗೆ ಅವರು ‘ಜೆಸ್ಸಿ ಫಾಲ್ಸ್’ ಅಂತ ಹೆಸರೂ ಇಟ್ಟರು. ಅಬ್ಬಿ ಅಂದರೇ ಜಲಪಾತ. ನಾವು ಈಗ ‘ಅಬ್ಬಿ ಫಾಲ್ಸ್’ ಅಂತ ಎರಡು ಸಲ ಹೇಳುತ್ತೇವೆ, ಆ ಮಾತು ಬೇರೆ.

ಮಡಿಕೇರಿಯ ರಾಜಾಸೀಟು ಇವೆರಡಕ್ಕೂ ಸೇರದ ಮೂರನೆಯ ಬಗೆ. ಅದು ಅರಸರ ಜಾಗ, ಸಂಜೆ ಕೂತು ಬೆಟ್ಟದ ಸಾಲು ನೋಡಲು ಕಟ್ಟಿದ ಮಂಟಪ. ಆಮೇಲೆ ಎಲ್ಲರ ಉದ್ಯಾನ ಆಯಿತು. ನಿಸರ್ಗಧಾಮಕ್ಕೆ ಅಂಥ ಅರಸರ ಹೆಸರಿಲ್ಲ, ದೊರೆಗಳ ಹೆಸರೂ ಇಲ್ಲ. ಅದು ಹುಟ್ಟಿದ್ದು ಒಂದು ಇಲಾಖೆಯ ಯೋಚನೆ ಬದಲಾದದ್ದರಿಂದ.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ಬ್ರಿಟಿಷರ ಕಾಲದಿಂದ ಅರಣ್ಯ ಇಲಾಖೆ ಅಂದರೆ ಮರದ ಇಲಾಖೆ. ತೇಗ ಕಡಿಯುವುದು, ತೇಗ ನೆಡುವುದು, ಗಂಧ ಕಾಯುವುದು, ಬಿದಿರು ಹರಾಜು ಹಾಕುವುದು. ನಿಮ್ಮ ಹಿತ್ತಲಲ್ಲಿ ಗಂಧದ ಗಿಡ ತಾನಾಗಿ ಹುಟ್ಟಿದರೂ ಅದು ಸರ್ಕಾರದ್ದೇ ಆಗಿತ್ತು. ಆ ಕಾನೂನು ಸಡಿಲವಾದದ್ದು 2001ರಲ್ಲಿ. ಕುಶಾಲನಗರ ಸುತ್ತಿನ ಆನೆಕಾಡು, ದುಬಾರೆ ಕಾಡುಗಳಿಗೂ ಇದೇ ಲೆಕ್ಕ. ದುಬಾರೆಯ ಸಾಕಾನೆಗಳು ಮರ ಎಳೆಯುತ್ತಿದ್ದವು, ದಸರಾಕ್ಕೆ ಮೈಸೂರಿಗೆ ಹೋಗುತ್ತಿದ್ದವು. ಅವುಗಳನ್ನು ನೋಡಿಕೊಳ್ಳುವ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಬಹಳ ಮಂದಿ ಜೇನುಕುರುಬರು, ಕಾಡಿನ ಹಾಡಿಗಳಲ್ಲಿ ಇರುವವರು.

ಆಮೇಲೆ ಒಂದೊಂದಾಗಿ ಬಾಗಿಲು ಮುಚ್ಚಿದವು. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾರ್ಯಾಚರಣೆ, ನಡೆಯಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ. 1988ರ ರಾಷ್ಟ್ರೀಯ ಅರಣ್ಯ ನೀತಿಯಂತೂ ಕಾಡಿನಿಂದ ಬರುವ ದುಡ್ಡಿಗಿಂತ ಕಾಡು ಉಳಿಯುವುದೇ ಮುಖ್ಯ ಅಂತ ಬರೆದೇಬಿಟ್ಟಿತು. ಅದರ ಮರುವರ್ಷವೇ ನಿಸರ್ಗಧಾಮ ತೆರೆಯಿತು. ಒಂದರಿಂದಲೇ ಇನ್ನೊಂದು ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಎರಡೂ ಒಂದೇ ಗಾಳಿಯಲ್ಲಿ ಹುಟ್ಟಿದವು. ಮರ ಕಡಿಯುವ ಕೆಲಸ ಕಡಿಮೆಯಾದ ಇಲಾಖೆಗೆ ಜನರಿಗೆ ಕಾಡು ತೋರಿಸುವುದೂ ತನ್ನ ಕೆಲಸ ಅನಿಸತೊಡಗಿದ ಕಾಲ ಅದು. ಜನರನ್ನು ನಿಜವಾದ ದಟ್ಟ ಕಾಡಿಗೆ ಬಿಟ್ಟರೆ ಜನರಿಗೂ ತೊಂದರೆ, ಆನೆಗೂ ತೊಂದರೆ. ಅದಕ್ಕೆ ಹೆದ್ದಾರಿ ಪಕ್ಕದಲ್ಲೇ, ಕುಶಾಲನಗರ ಪೇಟೆಯಿಂದ ಎರಡು ಮೂರು ಕಿಲೋಮೀಟರಿನಲ್ಲಿ, ನಾಲ್ಕು ಸುತ್ತಲೂ ನೀರಿರುವ ಒಂದು ತುಂಡು ಕಾಡು ಸಿಕ್ಕಿದರೆ ಯಾರು ಬಿಡುತ್ತಾರೆ ಹೇಳಿ? ಬೇಲಿ ಹಾಕುವ ಖರ್ಚೂ ಹೊಳೆಯದ್ದೇ.

ಹಾಗೆ ಬಂದವು ಮರದ ಮೇಲಿನ ಬಿದಿರು ಮನೆಗಳು, ಜಿಂಕೆ ಆವರಣ, ಮೊಲ, ನವಿಲು, ಆರ್ಕಿಡ್ ತೋಟ, ದೋಣಿ, ಆನೆ ಸವಾರಿ. ಕೊಡಗಿನ ಜನಜೀವನ ತೋರಿಸುವ ಗೊಂಬೆಗಳು ಬಂದವು. ಇವುಗಳಲ್ಲಿ ಕೆಲವು ಈಗ ಇವೆ, ಕೆಲವು ಕಾಲಕಾಲಕ್ಕೆ ಬದಲಾಗುತ್ತವೆ. ಬೈಲುಕುಪ್ಪೆಯ ಟಿಬೆಟನ್ ದೇವಸ್ಥಾನ, ನಿಸರ್ಗಧಾಮ, ದುಬಾರೆ, ರಾಜಾಸೀಟು, ಅಬ್ಬಿ, ತಲಕಾವೇರಿ ಅಂತ ಒಂದೇ ಬಸ್ಸಿನಲ್ಲಿ ಎಲ್ಲ ಮುಗಿಸುವ ಶಾಲಾ ಪ್ರವಾಸಗಳು ಶುರುವಾದ ಮೇಲೆ ಈ ಜಾಗದ ಹೆಸರು ಬೀದರಿನವರೆಗೂ ಹೋಯಿತು. ನನಗೆ ಕೇಳಿದರೆ, ಗೊಂಬೆ ಇಲ್ಲದಿದ್ದರೂ ನಡೆಯುತ್ತಿತ್ತು. ಬಿದಿರು ಮೆಳೆಯ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ನಿಂತರೆ ಗಳಗಳು ಒಂದಕ್ಕೊಂದು ಉಜ್ಜಿ ‘ಕರ್’ ಅನ್ನುವ ಸದ್ದು ಬರುತ್ತದಲ್ಲ, ಅದಕ್ಕಿಂತ ಬೇರೆ ಮನರಂಜನೆ ಏನು ಬೇಕು?

ಬಿದಿರಿನ ಬಗ್ಗೆ ಇನ್ನೊಂದು ಮಾತು. ನಮ್ಮ ಹೆಬ್ಬಿದಿರು ನಲವತ್ತು ವರ್ಷಕ್ಕೂ ಜಾಸ್ತಿ ಬದುಕಿ, ಒಂದೇ ಸಲ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಇಡೀ ಮೆಳೆಯೇ ಒಣಗಿಹೋಗುತ್ತದೆ. ಅಕ್ಕಪಕ್ಕದ ಮೆಳೆಗಳೂ ಸೇರಿ ಒಟ್ಟಿಗೇ. ನಾಗರಹೊಳೆ ಕಡೆ 2010ರ ದಶಕದಲ್ಲಿ ಹೀಗೆ ಬಿದಿರು ಒಣಗಿದ್ದು ನಿಮಗೆ ನೆನಪಿರಬಹುದು. ಬಿದಿರಿನಿಂದಲೇ ಹೆಸರಾದ ಪಾರ್ಕಿಗೆ ಇದು ದೊಡ್ಡ ವಿಷಯ. ಹೂ ಬಿಟ್ಟ ಬಿದಿರು ಸತ್ತರೆ ಅದರ ಗೆಡ್ಡೆ ಕೊಳೆಯುತ್ತದೆ, ಹೊಸ ಸಸಿ ಬೇರೂರುವ ತನಕ ದಡ ಸಡಿಲ. ಆ ಎರಡು ಮೂರು ಮಳೆಗಾಲ ದ್ವೀಪಕ್ಕೆ ಪರೀಕ್ಷೆ.

ಈಗ ಸೇತುವೆ. ಕಾಂಕ್ರೀಟ್ ಸೇತುವೆ ಬಿಟ್ಟು ತೂಗುಸೇತುವೆ ಯಾಕೆ ಅಂತ ಮಕ್ಕಳು ಕೇಳುತ್ತಿದ್ದರು. ಅಲುಗಾಡಿ ಮಜಾ ಕೊಡಲಿ ಅಂತ ಅಲ್ಲ. ಮಳೆಗಾಲದ ಕಾವೇರಿ ಬರೀ ನೀರು ತರುವುದಿಲ್ಲ. ಬುಡಸಮೇತ ಮರ, ಬಿದಿರಿನ ರಾಶಿ, ಕೊಂಬೆ ಎಲ್ಲ ತರುತ್ತದೆ. ಹೊಳೆಯ ನಡುವೆ ಕಂಬ ಇದ್ದರೆ ಅದಕ್ಕೆ ಇವೆಲ್ಲ ಸಿಕ್ಕಿಕೊಂಡು ಕಟ್ಟೆಯ ಹಾಗೆ ಆಗುತ್ತದೆ, ಆಗ ನೀರು ಸೇತುವೆಯನ್ನೇ ದೂಡುತ್ತದೆ. ತೂಗುಸೇತುವೆಗೆ ನಡುವೆ ಕಂಬವಿಲ್ಲ. ಎರಡು ದಡದಲ್ಲಿ ಗೋಪುರ, ನೆಲದಲ್ಲಿ ಭದ್ರವಾಗಿ ಹೂತ ಉಕ್ಕಿನ ಹಗ್ಗ, ಅದರಿಂದ ಇಳಿಬಿಟ್ಟ ಸರಳುಗಳ ಮೇಲೆ ಹಲಗೆ. ಹೊಳೆಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಖರ್ಚೂ ಕಡಿಮೆ, ಹೇಗೂ ವಾಹನ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದೂ ಇದೇ 1989ರಲ್ಲಿ. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಮಳೆ ಜಾಸ್ತಿ, ದುಡ್ಡು ಕಡಿಮೆ ಇರುವ ಮಲೆನಾಡಿಗೆ ತೂಗುಸೇತುವೆ ಹೇಳಿ ಮಾಡಿಸಿದ ಹಾಗಿದೆ. ಕುಶಾಲನಗರದಿಂದ ಕೆಳಗೆ ಕಣಿವೆಯಲ್ಲೂ ಒಂದಿದೆ, ಅದು ಪಿಕ್ನಿಕ್ಕಿಗಲ್ಲ, ಊರವರ ಓಡಾಟಕ್ಕೆ.

ಒಂದೇ ಎಚ್ಚರ. ತೂಗುಸೇತುವೆಯ ಮೇಲೆ ಎಲ್ಲರೂ ಒಂದೇ ತಾಳದಲ್ಲಿ ಹೆಜ್ಜೆ ಹಾಕಿದರೆ ಅಲುಗಾಟ ಕೂಡಿಕೊಂಡು ಜಾಸ್ತಿಯಾಗುತ್ತದೆ. ಶಾಲೆ ಮಕ್ಕಳಿಗೆ ಇದು ಹೇಗೋ ತಾನಾಗಿಯೇ ಗೊತ್ತಾಗಿಬಿಡುತ್ತದೆ, ಬೇಕಂತಲೇ ಕುಣಿಯುತ್ತಾರೆ. ಮೇಷ್ಟರಿಗೆ ಜೀವ ಬಾಯಿಗೆ ಬರುತ್ತದೆ.

ಕೊನೆಯ ಪ್ರಶ್ನೆ, ಬಿಸಿಲಿದ್ದರೂ ಯಾಕೆ ಮುಚ್ಚುತ್ತಾರೆ. ಇದಕ್ಕೆ ಉತ್ತರ ಮೇಲೆ ಹೇಳಿದ ಜಾರುಬಂಡೆಯಲ್ಲೇ ಇದೆ. ಭಾಗಮಂಡಲದ ಕಡೆ ವರ್ಷಕ್ಕೆ ಸಾಮಾನ್ಯವಾಗಿ 5,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಕುಶಾಲನಗರದಲ್ಲಿ ಸುಮಾರು 1,000. ಒಂದೇ ಜಿಲ್ಲೆಯ ಆ ತುದಿ, ಈ ತುದಿ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಅಲ್ಲಿ ಗೊರಬೆ (ಮಳೆಗೆ ತಲೆ, ಬೆನ್ನಿಗೆ ಹೊದೆಯುವ ಎಲೆಯ ಹೊದಿಕೆ) ಇಳಿಸದೆ ಗದ್ದೆ ಕೆಲಸ ಮಾಡುತ್ತಿರುತ್ತಾರೆ, ಇಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಆದರೆ ಹೊಳೆ ಅಲ್ಲಿಯದೇ. ಕನ್ನಿಕೆ, ಕಕ್ಕಬ್ಬೆ ಹೊಳೆ, ಚಿಕ್ಲಿಹೊಳೆ ಎಲ್ಲ ದಾರಿಯಲ್ಲಿ ಸೇರಿಕೊಂಡು ನಿಸರ್ಗಧಾಮಕ್ಕೆ ಬರುತ್ತವೆ. ಮೇಲೆ ಸುರಿದ ಮಳೆ ಇಲ್ಲಿಗೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ಇಲ್ಲಿ ಬಿಸಿಲು ಬಂದಿರುತ್ತದೆ. ಅದಕ್ಕೇ ಕೆಳಗಿನವರು ಬೇತ್ರಿಯಲ್ಲಿ ನೀರು ಎಷ್ಟಿದೆ, ಕರಡಿಗೋಡಿನಲ್ಲಿ ಎಷ್ಟಿದೆ ಅಂತ ಫೋನಿನಲ್ಲಿ ಕೇಳುತ್ತಿರುವುದು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಒಂದು ಜೂನ್ ತಿಂಗಳಲ್ಲಿ ಹೊಳೆ ಬದಿಯ ಬಂಡೆ ಮೇಲೆ ಚಪ್ಪಲಿ ಬಿಟ್ಟು, ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದೆ. ಆಕಾಶ ತಿಳಿಯಾಗಿತ್ತು. ಸ್ವಲ್ಪ ಹೊತ್ತಿಗೆ ತರಗೆಲೆ, ಕಡ್ಡಿ ತೇಲಿ ಬರಲು ಶುರುವಾಯಿತು. ಆಮೇಲೆ ನೀರಿನ ಬಣ್ಣ ಚಹಾದ ಹಾಗೆ ಕೆಂಪಾಯಿತು. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಏನೂ ಹೇಳದೆ ಬುಟ್ಟಿ ಎತ್ತಿಕೊಂಡು ಮೇಲೆ ಹತ್ತಿದರು. ನಾನು ಇನ್ನೂ ಬಣ್ಣ ನೋಡುತ್ತಾ ಕೂತಿದ್ದೆ. ಚಪ್ಪಲಿ ಹೋಯಿತು. ಭೂಗೋಳದ ಮೇಷ್ಟರು ಬರಿಗಾಲಲ್ಲಿ ಮನೆಗೆ ಬಂದರು.

ಹಾರಂಗಿ ಡ್ಯಾಂ ನೀರು ಬಿಟ್ಟದ್ದರಿಂದ ನಿಸರ್ಗಧಾಮ ಮುಳುಗಿತು ಅಂತಲೂ ಕೆಲವರು ಹೇಳುತ್ತಾರೆ. ನೇರವಾಗಿ ಅದು ಸಾಧ್ಯ ಇಲ್ಲ. ಹಾರಂಗಿ ಹೊಳೆ ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ, ಅಂದರೆ ಕುಶಾಲನಗರದಿಂದಲೂ ಕೆಳಗೆ. ಕೂಡುವ ಜಾಗ ಆದ್ದರಿಂದಲೇ ಕೂಡಿಗೆ. ಆದರೆ ಕೂಡಿಗೆಯಲ್ಲಿ ಎರಡೂ ಹೊಳೆ ತುಂಬಿ ನಿಂತರೆ ಮೇಲಿನಿಂದ ಬರುವ ಕಾವೇರಿಗೆ ಮುಂದೆ ಹೋಗಲು ಜಾಗ ಸಾಲದೆ ನೀರು ಹಿಂದಕ್ಕೆ ಒತ್ತುತ್ತದೆ. 2018ರ ಆಗಸ್ಟಿನಲ್ಲಿ ಬೆಟ್ಟಗಳೇ ಜಾರಿದಾಗ, 2019ರ ಆಗಸ್ಟಿನಲ್ಲಿ ಮತ್ತೆ, ಕುಶಾಲನಗರದ ಹೊಳೆ ಬದಿಯ ಬಡಾವಣೆಗಳ ಮನೆಯೊಳಗೆ ನೀರು ನುಗ್ಗಿತು. ಆ ಬಡಾವಣೆಗಳು ಇದ್ದದ್ದು ಹೊಳೆ ತುಂಬಿದಾಗ ಮೈ ಚಾಚಲು ಇಟ್ಟುಕೊಂಡ ಜಾಗದಲ್ಲಿ. ಹಾಗೆ ನೋಡಿದರೆ ನಿಸರ್ಗಧಾಮಕ್ಕೆ ನೆರೆ ಹೊಸದಲ್ಲ. ಹೊಳೆ ಇಳಿದ ಮೇಲೆ ಕೆಸರು ತೊಳೆದು, ಬೇಲಿ ಸರಿಮಾಡಿ, ಮತ್ತೆ ತೆರೆಯಬಹುದು. ಮನೆ ಕಟ್ಟಿದವರಿಗೆ ಅಷ್ಟು ಸುಲಭ ಇಲ್ಲ.

ಇಷ್ಟು ಹೇಳಿದ ಮೇಲೆ ಮಗಳಿಗೆ ಒಂದು ಕೆಲಸ ಕೊಡುತ್ತೇನೆ. ಬರೆಯುವ ಮೊದಲು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಜನವರಿಯಿಂದ ಮಾರ್ಚ್ ಒಳಗೆ, ವಾರದ ನಡುವೆ. ಭಾನುವಾರ ಹೋದರೆ ಬರೀ ಸೆಲ್ಫಿ ತೆಗೆಯುವವರ ಬೆನ್ನು ನೋಡಿ ಬರುತ್ತೀರಿ.

ಮೊದಲು ಹೊಳೆ ಬರುವ ದಿಕ್ಕಿನ ದಡ, ಆಮೇಲೆ ಹೊಳೆ ಹೋಗುವ ದಿಕ್ಕಿನ ದಡ ನೋಡಲಿ. ಎಷ್ಟು ಹತ್ತಿರ ಬಿಡುತ್ತಾರೋ ಅಲ್ಲಿಂದಲೇ ಸಾಕು, ನೀರಿಗೆ ಇಳಿಯುವುದು ಬೇಡ. ಅಲ್ಲಿ ಗುಂಡಿ ಇದೆ, ಸುಳಿ ಇದೆ, ಮೇಲೆ ಶಾಂತವಾಗಿ ಕಾಣುವ ನೀರನ್ನು ನಂಬಬಾರದು. ದೊಡ್ಡ ಕಲ್ಲು ಯಾವ ಕಡೆ ಜಾಸ್ತಿ, ಸಣ್ಣ ಮರಳು ಯಾವ ಕಡೆ ಅಂತ ಬರೆದುಕೊಳ್ಳಲಿ. ಆಮೇಲೆ ತೇಗದ ಮರಗಳ ಬುಡದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಲಿ. ಮರಗಳು ಗೆರೆ ಎಳೆದ ಹಾಗೆ ಸಾಲಾಗಿ ಕಂಡರೆ ಅದು ಮನುಷ್ಯ ನೆಟ್ಟದ್ದು. ಅಡ್ಡಾದಿಡ್ಡಿ ಇದ್ದರೆ ತಾನಾಗಿ ಬಂದದ್ದು. ಬಿದಿರಿಗೂ ಹಾಗೆಯೇ. ದಡದ ಮರಗಳ ಕಾಂಡ, ಕೊಂಬೆಯ ಕವಲುಗಳಲ್ಲಿ ಹುಲ್ಲು, ಚಿಂದಿ, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ಅದು ಎಷ್ಟು ಎತ್ತರದಲ್ಲಿದೆ ನೋಡಲಿ. ಹೋದ ಮಳೆಗಾಲದಲ್ಲಿ ಹೊಳೆ ಅಲ್ಲಿವರೆಗೆ ಬಂದಿತ್ತು ಅಂತ ಅರ್ಥ. ಅವಳ ತಲೆಗಿಂತ ಮೇಲೆ ಇದ್ದರೆ ‘ಯಾಕೆ ಮುಚ್ಚುತ್ತಾರೆ’ ಅಂತ ಇನ್ನೊಮ್ಮೆ ಕೇಳುವುದಿಲ್ಲ.

ವಾಪಸ್ ಬರುವಾಗ ಗುಡ್ಡೆಹೊಸೂರಿನಲ್ಲಿ ಕಾಫಿಗೆ ನಿಲ್ಲಿಸಿ. ಎಪ್ಪತ್ತು ದಾಟಿದವರು ಯಾರಾದರೂ ಸಿಕ್ಕರೆ ಒಂದೇ ಪ್ರಶ್ನೆ ಕೇಳಲಿ: ‘ಅಜ್ಜ, ಸೇತುವೆ ಬರುವ ಮೊದಲು ನೀವು ಆ ಕಡೆ ಹೇಗೆ ಹೋಗುತ್ತಿದ್ದಿರಿ?’ ‘ಯಾವ ಇಸವಿ’ ಅಂತ ಕೇಳುವುದು ಬೇಡ, ಇಸವಿ ಕೇಳಿದರೆ ಹಿರಿಯರು ಗಾಬರಿಯಾಗುತ್ತಾರೆ. ‘ನಿಮಗೆ ಮದುವೆ ಆಗಿತ್ತಾ ಆಗ? ದೊಡ್ಡ ಮಗ ಹುಟ್ಟಿದ್ದನಾ?’ ಅಂತ ಕೇಳಿದರೆ ಲೆಕ್ಕ ತಾನಾಗಿ ಸಿಗುತ್ತದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ, ಅರೆಭಾಷೆಯಾಗಲಿ, ಕೊಡವತಕ್ಕಾಗಲಿ. ಆ ಎರಡು ಸಾಲಿನ ಹಿಂದಿನ ಚರಿತ್ರೆ ಸದ್ಯಕ್ಕೆ ಇರುವುದು ಅಂಥವರ ಹತ್ತಿರವೇ.

ಮಾವನವರನ್ನೂ ಕರೆದುಕೊಂಡು ಹೋಗಿ. ಬುತ್ತಿ ಕಟ್ಟಿಕೊಂಡರೆ ಚೀಲದ ಬಾಯಿ ಗಟ್ಟಿಯಾಗಿ ಕಟ್ಟಿ, ಅಲ್ಲಿನ ಕೋತಿಗಳಿಗೆ ನಮ್ಮ ಅಕ್ಕಿ ಉಂಡೆ ಕಡಂಬುಟ್ಟಿನ ವಾಸನೆ ದೂರದಿಂದಲೇ ಗೊತ್ತಾಗುತ್ತದೆ.